ಇಳಿಜಾರಿನ ಲೆಕ್ಕ

ಮನೆ ಕಟ್ಟಿಸುವವರು ಅಂದಾಜುಪಟ್ಟಿಯ ಮೊದಲ ಸಾಲುಗಳನ್ನು ಬಹು ಎಚ್ಚರಿಕೆಯಿಂದ ಓದುತ್ತಾರೆ. ಕಲ್ಲಿಗೆಷ್ಟು, ಇಟ್ಟಿಗೆಗೆಷ್ಟು, ಸಿಮೆಂಟು ಎಷ್ಟು ಚೀಲ, ಮುಂಬಾಗಿಲಿಗೆ ತೇಗವೋ ಹೊನ್ನೆಯೋ ಎಂದು ಮನೆಮಂದಿಯೆಲ್ಲ ಕೂತು ಚರ್ಚೆ ಮಾಡುತ್ತಾರೆ. ಆ ಪಟ್ಟಿಯ ಕಟ್ಟಕಡೆಯಲ್ಲಿ, ಮೊತ್ತಕ್ಕೆ ಗೆರೆ ಎಳೆಯುವ ಮುಂಚೆ, ಒಂದು ಸಣ್ಣ ಸಾಲು ಇರುತ್ತದೆ. ನಮ್ಮ ಸರಕಾರಿ ಕಚೇರಿಗಳ ಭಾಷೆಯಲ್ಲಿ ಅದರ ಹೆಸರು ಸಾದಿಲ್ವಾರು. ಮುಂದಾಗಿ ಹೇಳಲಾಗದ ಖರ್ಚಿಗೆಂದು ಎತ್ತಿಟ್ಟ ಹಣ ಅದು. ಸರಕಾರಿ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 3ರಿಂದ 5ರಷ್ಟು ಇರುತ್ತದೆ. ಗೃಹಸ್ಥನ ಅಂದಾಜು ಕೈಮೀರಿತೆಂದರೆ ಮೊದಲು ಕತ್ತರಿ ಬೀಳುವುದು ಈ ಸಾಲಿಗೆ. "ಏನು ಬರುತ್ತದೆಂದು ಗೊತ್ತಿಲ್ಲದ ಖರ್ಚಿಗೆ ಈಗಲೇ ಏಕೆ ದುಡ್ಡು ಕಟ್ಟಿಡಬೇಕು? ಬಂದಾಗ ನೋಡಿಕೊಂಡರಾಯಿತು" ಎಂಬುದು ಅವನ ವಾದ. ಕೇಳುವುದಕ್ಕೆ ಈ ವಾದ ಸೊಗಸಾಗಿಯೇ ಇದೆ. ಆದರೆ ಬಂದಾಗ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಅದು ಹಾಗೆಯೇ ಬಿಟ್ಟುಬಿಡುತ್ತದೆ.

ಸಪಾಟು ನೆಲದಲ್ಲಿ ಈ ಪ್ರಶ್ನೆಗೆ ಅಷ್ಟು ತೂಕವಿಲ್ಲ. ಬಯಲುಸೀಮೆಯ ಊರಿನಲ್ಲಿ ನಾನು ಮನೆ ಕಟ್ಟಿಸಿ ಲೆಕ್ಕ ತಪ್ಪಿದರೆ, ಸಾಲ ಮಾಡುವವನು ನಾನು. ಮೇಲ್ಮಹಡಿ ಅರ್ಧಕ್ಕೆ ನಿಂತರೆ, ಬಿಸಿಲಿಗೆ ತುಕ್ಕುಹಿಡಿಯುತ್ತ ನಿಂತ ಕಂಬಿಗಳನ್ನು ದಿನವೂ ನೋಡುವವನು ನಾನು. ಪಕ್ಕದ ಮನೆಯವರಿಗೆ ಹೆಚ್ಚೆಂದರೆ ಮಾತಿಗೊಂದು ವಿಷಯ ಸಿಕ್ಕೀತು. ಇಳಿಜಾರಿನಲ್ಲಿ ಹಾಗಲ್ಲ. ಮಡಿಕೇರಿಯಲ್ಲೋ ಸಕಲೇಶಪುರದಲ್ಲೋ ಮಂಗಳೂರಿನ ಗುಡ್ಡಗಳ ಮೇಲೋ ಕಟ್ಟಿದ ಮನೆಗೆ ಮೇಲೊಬ್ಬರು ಇರುತ್ತಾರೆ, ಕೆಳಗೊಬ್ಬರು ಇರುತ್ತಾರೆ. ಅಲ್ಲಿ ನಾನು ಉಳಿಸಿದ ಖರ್ಚು ಉಳಿದಂತೆ ಕಾಣುತ್ತದೆ, ಅಷ್ಟೆ. ಅದು ನೀರಿನಂತೆ, ಮಣ್ಣಿನಂತೆ, ಕೆಳಕ್ಕೆ ಇಳಿದು ಇನ್ನೊಬ್ಬರ ಅಂಗಳದಲ್ಲಿ ನಿಲ್ಲುತ್ತದೆ. ಆದ್ದರಿಂದ ಇಳಿಜಾರಿನ ಅಂದಾಜುಪಟ್ಟಿಯ ಕೊನೆಯ ಸಾಲು ಬರಿಯ ಗಣಿತದ ಸಾಲಲ್ಲ, ಧರ್ಮದ ಸಾಲೂ ಹೌದು ಎಂದು ನನಗೆ ತೋರುತ್ತದೆ.

ಮೊದಲು ಗಣಿತವನ್ನೇ ನೋಡೋಣ; ಅದನ್ನು ಬಿಟ್ಟು ಧರ್ಮವನ್ನು ಮಾತನಾಡುವುದು ಸುಲಭ, ಆದರೆ ಪ್ರಯೋಜನವಿಲ್ಲ. 3 ಅಡಿಗೆ 1 ಅಡಿಯಂತೆ ಇಳಿಯುವ ನೆಲದಲ್ಲಿ 30 ಅಡಿ ಅಗಲದ ಮನೆ ಕಟ್ಟಬೇಕೆಂದಿಟ್ಟುಕೊಳ್ಳಿ. ಮೇಲಿನ ಅಂಚಿಗೂ ಕೆಳಗಿನ ಅಂಚಿಗೂ 10 ಅಡಿ ಅಂತರ ಬರುತ್ತದೆ. ಅಷ್ಟನ್ನೂ ಕಡಿದು ಸಮಮಾಡಿದರೆ ಹಿಂದೆ 10 ಅಡಿಯ ತಡೆಗೋಡೆ ಬೇಕಾಗುತ್ತದೆ. ಈ ತಡೆಗೋಡೆಯ ಲೆಕ್ಕ ಸ್ವಲ್ಪ ವಿಚಿತ್ರ. ಗೋಡೆ ಎರಡರಷ್ಟು ಎತ್ತರವಾದರೆ ಅದರ ಬೆನ್ನಿಗೆ ಒರಗಿದ ಮಣ್ಣಿನ ನೂಕು ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಗೋಡೆಯನ್ನು ಮಗುಚಲು ನೋಡುವ ಬಲವಂತೂ ಎಂಟರಷ್ಟು. 3 ಮೀಟರು, ಅಂದರೆ ಸುಮಾರು 10 ಅಡಿ, ಎತ್ತರದ ಗೋಡೆಯನ್ನು ಸಾಧಾರಣ ಒಣಮಣ್ಣು ಒಂದೊಂದು ಮೀಟರು ಉದ್ದಕ್ಕೂ ಸುಮಾರು 2,700 ಕಿಲೋಗ್ರಾಂ ತೂಕದಷ್ಟು ಬಲದಿಂದ ನೂಕುತ್ತದೆ. ಅದೇ ಮಣ್ಣು ಮಳೆಯಲ್ಲಿ ನೆನೆದು, ನೀರು ಹೊರಗೆ ಹೋಗಲು ದಾರಿಯಿಲ್ಲದೆ ಗೋಡೆಯ ತಲೆಯವರೆಗೆ ನಿಂತಿತೆಂದರೆ ಈ ನೂಕು ಸುಮಾರು 5,800 ಕಿಲೋಗ್ರಾಮಿಗೆ ಏರುತ್ತದೆ. ಬೇಸಗೆಯಲ್ಲಿ ಬಂಡೆಯಂತೆ ನಿಂತ ಗೋಡೆ ಮಳೆಗಾಲದ ಒಂದು ರಾತ್ರಿ ಮಲಗಿಬಿಡುವುದಕ್ಕೆ ಬೇರೆ ಮಾಟ ಮಂತ್ರ ಬೇಕಾಗಿಲ್ಲ. ಇದನ್ನು ತಡೆಯುವುದಕ್ಕೆ ಬೇಕಾದದ್ದು ಗೋಡೆಯಲ್ಲಿ ಸಾಲಾಗಿ ಬಿಟ್ಟ ತೂತುಗಳು, ಅದರ ಬೆನ್ನಿಗೆ ತುಂಬಿದ ಒಂದಡಿ ಜಲ್ಲಿ, ಮೇಲೊಂದು ಚರಂಡಿ. ಗೋಡೆಯ ಖರ್ಚಿನ ಮುಂದೆ ಇದು ಅಲ್ಪ. ಆದರೂ ಗೋಡೆಯನ್ನು ಕಟ್ಟಿಸಿ ಚರಂಡಿಯನ್ನು ಮುಂದಿನ ವರ್ಷಕ್ಕೆ ಬಿಟ್ಟವರು ಎಷ್ಟೋ ಜನ.

ನನ್ನ ಪರಿಚಯದ ನಿವೃತ್ತ ಉಪಾಧ್ಯಾಯರೊಬ್ಬರು ಮಡಿಕೇರಿಯಲ್ಲಿ ಮನೆ ಕಟ್ಟಿಸಿದರು. ಲೆಕ್ಕದಲ್ಲಿ ಬಹಳ ಶಿಸ್ತಿನವರು. ಒಂದು ಮೊಳೆ ಕೊಂಡರೂ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆ ಪುಸ್ತಕದ ಕೊನೆಯ ಹಾಳೆಗಳಿಗೆ "ಅನಿರೀಕ್ಷಿತ" ಎಂದು ತಲೆಬರಹ ಕೊಟ್ಟಿದ್ದರು. ಪಾಯ ಅಗೆಯುವಾಗ ಬಂಡೆ ಬಂತು, ಅದನ್ನು ಒಡೆಸಿದ್ದಕ್ಕೆ ಇಷ್ಟು. ಹಿಂದಿನ ಬರೆಯಲ್ಲಿ ಒರತೆ ಒಡೆಯಿತು, ಕಾಲುವೆ ತೆಗೆಸಿ ನೀರು ತಿರುಗಿಸಿದ್ದಕ್ಕೆ ಇಷ್ಟು. ಲಾರಿ ಮನೆಯವರೆಗೂ ಇಳಿಯಲಾರದೆ ಮೇಲಿನ ರಸ್ತೆಯಲ್ಲೇ ನಿಂತದ್ದರಿಂದ ಮರಳು ಜಲ್ಲಿಗಳನ್ನು ತಲೆಹೊರೆಯಲ್ಲಿ ಇಳಿಸಿದ್ದಕ್ಕೆ ಇಷ್ಟು. ಅಗೆದ ಮಣ್ಣನ್ನು ಸಾಗಿಸಿದ್ದಕ್ಕೆ ಇಷ್ಟು. ಎಲ್ಲ ಕೂಡಿಸಿದರೆ ಅಂದಾಜಿನ ನೂರಕ್ಕೆ 18ರಷ್ಟಾಗಿತ್ತು. ನಾನು ಕೇಳಿದೆ:

"ಈ ಒರತೆಯ ಸಂಗತಿ ಮೊದಲೇ ಯಾರಿಗೂ ಗೊತ್ತಿರಲಿಲ್ಲವೆ, ಮೇಷ್ಟ್ರೆ?"

"ಗೊತ್ತಿಲ್ಲದೆ ಏನು? ಕೆಳಗಿನ ಮನೆಯ ಅಜ್ಜಿಗೆ ಗೊತ್ತಿತ್ತು. ಆಟಿಯಲ್ಲಿ ಅಲ್ಲಿ ನೀರು ಹರಿಯುವುದನ್ನು ಅವರು ನಲವತ್ತು ವರ್ಷದಿಂದ ನೋಡಿದ್ದಾರೆ. ನಾವು ಅವರನ್ನು ಕೇಳಲಿಲ್ಲ. ಕೇಳಿದ್ದು ಇಂಜಿನಿಯರರನ್ನು. ಇಂಜಿನಿಯರರು ಬಂದು ಜಾಗ ನೋಡಿದ್ದು ಮಾರ್ಚಿ ತಿಂಗಳಲ್ಲಿ."

ಅವರು ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಆ ಹಾಳೆಯಲ್ಲಿದ್ದ ಬಾಬುಗಳಲ್ಲಿ ನಿಜವಾಗಿ ಅನಿರೀಕ್ಷಿತವಾದದ್ದು ಯಾವುದು? ಲಾರಿ ಇಳಿಯಲಾರದೆಂಬುದು ರಸ್ತೆಯನ್ನು ಕಣ್ಣಿಂದ ನೋಡಿದವರಿಗೆಲ್ಲ ಗೊತ್ತು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತದೆ, ನೆಲದಲ್ಲಿ 100 ಲೋಡು ಇದ್ದದ್ದು ಲಾರಿಗೆ ಹೇರುವಾಗ 120, 130 ಆಗುತ್ತದೆ ಎಂಬುದು ಮಣ್ಣು ಹೊರುವ ಪ್ರತಿಯೊಬ್ಬ ಕೂಲಿಯವನಿಗೂ ಗೊತ್ತು. ಬಂಡೆಯೊಂದನ್ನು ಬಿಟ್ಟರೆ ಉಳಿದುದೆಲ್ಲ ಯಾರಿಗೋ ಗೊತ್ತಿದ್ದದ್ದೇ. ಬಂಡೆಯೂ ಸಹ ಎರಡು ಕಡೆ ಗುಂಡಿ ತೋಡಿ ನೋಡಿದ್ದರೆ ತಿಳಿಯುತ್ತಿತ್ತೇನೋ.

ಹೀಗೆ ಯೋಚಿಸಿದಾಗ ಅನಿರೀಕ್ಷಿತ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ವಸ್ತುಗಳು ಸೇರಿಕೊಂಡಿರುವುದು ಕಾಣುತ್ತದೆ. ಮೊದಲನೆಯದು, ಕೇಳಿದ್ದರೆ ತಿಳಿಯುತ್ತಿದ್ದದ್ದು. ಅಜ್ಜಿಯ ಒರತೆ ಈ ಜಾತಿಯದು. ಎರಡನೆಯದು, ಬಂದೇ ಬರುತ್ತದೆ, ಯಾವ ದಿನ ಎಂದು ಮಾತ್ರ ಗೊತ್ತಿಲ್ಲ ಎಂಬಂಥದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಮನೆ ನಿಲ್ಲಬೇಕಾದದ್ದು 50 ವರ್ಷವೋ 60 ವರ್ಷವೋ. ಅಷ್ಟರಲ್ಲಿ ಒಮ್ಮೆಯಾದರೂ ವಿಪರೀತ ಮಳೆಯ ವಾರವೊಂದು ಬಾರದೆ ಇದ್ದೀತೆ? ಅದು ಬಂದಾಗ ಅನಿರೀಕ್ಷಿತ ಎನ್ನುವುದು, ಸಂಕ್ರಾಂತಿ ಅನಿರೀಕ್ಷಿತವಾಗಿ ಬಂತು ಎಂದಂತೆಯೇ. ಮೂರನೆಯದು, ಯಾರ ಬುದ್ಧಿಗೂ ಎಟುಕದೆ ಇದ್ದದ್ದು. ನಿಜವಾಗಿ ಆ ಹೆಸರಿಗೆ ಯೋಗ್ಯವಾದದ್ದು ಇದೊಂದೇ. ನಾವು ಮೂರನೆಯದರ ಮರ್ಯಾದೆಯನ್ನು ಮೊದಲೆರಡಕ್ಕೂ ಕೊಟ್ಟುಬಿಡುತ್ತೇವೆ. ದೈವದ ಮೇಲೆ ಹಾಕಿದ ತಪ್ಪಿಗೆ ದೈವ ಎದುರುತ್ತರ ಕೊಡುವುದಿಲ್ಲವಲ್ಲ!

ಮೊದಲನೆಯದಕ್ಕೆ ಬೇಕಾದದ್ದು ಹಣವಲ್ಲ, ಕೇಳುವ ವಿನಯ. ಜಾಗವನ್ನು ಬೇಸಗೆಯಲ್ಲಿ ಒಮ್ಮೆ, ಜಡಿಮಳೆಯಲ್ಲಿ ಒಮ್ಮೆ ನೋಡುವ ತಾಳ್ಮೆ. ಎರಡನೆಯದಕ್ಕೆ ಹಣ ಬೇಕು, ಅದು ಪಟ್ಟಿಯಲ್ಲಿ ತಡೆಗೋಡೆ, ಚರಂಡಿ ಎಂದು ಹೆಸರು ಹೇಳಿಕೊಂಡೇ ನಿಲ್ಲಬೇಕು. ಸಾದಿಲ್ವಾರಿನ ಮರೆಯಲ್ಲಿ ಅಡಗಬಾರದು. ಮೂರನೆಯದಕ್ಕೆ ಮಾತ್ರ ಹೆಸರಿಲ್ಲದ ಹಣ. ನನಗೆ ತಿಳಿದ ಮಟ್ಟಿಗೆ ಇಳಿಜಾರಿನಲ್ಲಿ ಕಟ್ಟುವ ಗೃಹಸ್ಥನಿಗೆ ಅನುಭವಸ್ಥರು ಹೇಳುವುದು ನೂರಕ್ಕೆ 15ರಿಂದ 20 ಎತ್ತಿಡಬೇಕೆಂದು. ಸರಕಾರಿ ಪಟ್ಟಿಯ 3, 5ರ ಲೆಕ್ಕ ಇಲ್ಲಿ ಸಾಲದು.

ಇನ್ನು ಧರ್ಮದ ಮಾತು. 1,000 ಚದರ ಅಡಿಯ ತಾರಸಿಯ ಮೇಲೆ ಒಂದು ದಿನ 100 ಮಿಲಿಮೀಟರು ಮಳೆ ಬಿದ್ದರೆ ಸುಮಾರು 9,300 ಲೀಟರು ನೀರಾಗುತ್ತದೆ. ಮಲೆನಾಡಿನ ಮಳೆಗಾಲಕ್ಕೆ ಇದು ದೊಡ್ಡ ಮಳೆಯೇನೂ ಅಲ್ಲ. ಮನೆ ಇಲ್ಲದಿದ್ದಾಗ ಈ ನೀರು ಹುಲ್ಲು ಗಿಡಗಳ ನಡುವೆ ಹರಡಿ, ಅಷ್ಟಿಷ್ಟು ಇಂಗಿ, ಉಳಿದದ್ದು ನಿಧಾನವಾಗಿ ಇಳಿಯುತ್ತಿತ್ತು. ನಾನು ತಾರಸಿ ಹಾಕಿಸಿದೆ, ಅಂಗಳಕ್ಕೆ ಗಾರೆ ಮಾಡಿಸಿದೆ, ಎಲ್ಲ ನೀರನ್ನೂ ಒಂದು ಕೊಳವೆಗೆ ಕೂಡಿಸಿದೆ. ಆ ಕೊಳವೆಯ ಬಾಯಿ ಯಾವ ಕಡೆಗೆ? ಕೆಳಗಿನ ಮನೆಯವರ ಹಿತ್ತಿಲಿಗೆ. ನನ್ನ ಅಂದಾಜುಪಟ್ಟಿಯಲ್ಲಿ ಚರಂಡಿಯ ಸಾಲು ಇಲ್ಲದೆ ಹೋದರೆ, ಆ ಸಾಲು ಅವರ ಪಟ್ಟಿಯಲ್ಲಿ ಸೇರಿತೆಂದೇ ಅರ್ಥ. ಅವರಿಗೆ ಅದು ನಿಜವಾಗಿಯೂ ಅನಿರೀಕ್ಷಿತ.

ಈ ವಿಷಯದಲ್ಲಿ ಕಾನೂನಿಗೂ ಹಳೆಯ ಜ್ಞಾನವಿದೆ. 1882ರ ಭಾರತದ ಸರಾಗಾಧಿಕಾರಗಳ ಕಾಯಿದೆ ಮೊದಲು ಜಾರಿಗೆ ಬಂದ ಪ್ರದೇಶಗಳಲ್ಲಿ ಕೊಡಗೂ ಒಂದು. ಮೇಲಿನ ನೆಲದಲ್ಲಿ ಸಹಜವಾಗಿ ಹುಟ್ಟಿದ, ಸಹಜವಾಗಿ ಬಿದ್ದ ನೀರು ಸಹಜವಾಗಿ ಕೆಳಗಿನ ನೆಲಕ್ಕೆ ಹರಿದುಹೋಗಲು ಕೆಳಗಿನವನು ಅಡ್ಡಿ ಮಾಡಬಾರದು ಎಂದು ಅದು ಹೇಳುತ್ತದೆ. ಹಾಗೆಯೇ ಒಬ್ಬನ ನೆಲಕ್ಕೆ ಪಕ್ಕದವನ ನೆಲ ಸಹಜವಾಗಿ ಕೊಡುತ್ತಿರುವ ಆಸರೆಯನ್ನು ಕಿತ್ತುಕೊಳ್ಳಬಾರದು ಎಂದೂ ಹೇಳುತ್ತದೆ. ನೀರು ಬಿಡುವ ಮೇಲಿನವನಿಗೂ ಬರೆ ಕಡಿಯುವ ಕೆಳಗಿನವನಿಗೂ ಒಂದೊಂದು ಮಾತು ಇಲ್ಲಿದೆ. ಅಲ್ಲಿರುವ ಸಹಜ ಎಂಬ ಮಾತನ್ನು ಗಮನಿಸಬೇಕು. ಬೆಟ್ಟ ಇದ್ದ ಹಾಗೆ ಇದ್ದಾಗ ಕೊಟ್ಟ ಹಕ್ಕು ಅದು. ಬೆಟ್ಟವನ್ನು ಬದಲಾಯಿಸಿ, ಹಕ್ಕು ಮಾತ್ರ ಮೊದಲಿನಂತೆ ಇರಲಿ ಎಂದರೆ ನ್ಯಾಯವಾಗುವುದಿಲ್ಲ.

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನಲ್ಲಿ ನಡೆದದ್ದನ್ನು ನಾವು ಯಾರೂ ಮರೆತಿಲ್ಲ. ಮಕ್ಕಂದೂರು, ಜೋಡುಪಾಲ, ಮಾದಾಪುರದ ಕಡೆಗಳಲ್ಲಿ ಗುಡ್ಡಗಳು ಜಾರಿದವು. ಸಾವುನೋವುಗಳಾದವು, ಸಾವಿರಾರು ಜನ ಪರಿಹಾರ ಶಿಬಿರಗಳನ್ನು ಸೇರಿದರು. ಎರಡಂತಸ್ತಿನ ಮನೆಯೊಂದು ನಿಂತ ನಿಲುವಿನಲ್ಲೇ ಜಾರಿ ಕೆಳಗೆ ಹೋದ ದೃಶ್ಯವನ್ನು ನಾಡೆಲ್ಲ ನೋಡಿತು. ಅಂಥ ಮಳೆಗೆ ಯಾವ ಗೃಹಸ್ಥನ ನೂರಕ್ಕೆ 20ರ ಗಂಟೂ ಸಾಲದು ಎಂಬುದು ನಿಜ. ಕಾಡುಗುಡ್ಡಗಳೂ ಜಾರಿದವು. ಆದರೆ ಕಟ್ಟಡಕ್ಕೂ ರಸ್ತೆಗೂ ಬೆಟ್ಟದ ಬುಡವನ್ನು ನೆಟ್ಟಗೆ ಕಡಿದದ್ದು, ನೀರಿನ ಸಹಜವಾದ ದಾರಿಗಳನ್ನು ಮುಚ್ಚಿದ್ದು ಇವು ಕೂಡ ಕಾರಣಗಳೆಂದು ಭೂವಿಜ್ಞಾನ ಬಲ್ಲವರು ಹೇಳಿದರು. 2024ರ ಜುಲೈ 16ರಂದು ಅಂಕೋಲೆಯ ಹತ್ತಿರ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಅದು ಮನೆಯ ಕಥೆಯಲ್ಲ, ರಸ್ತೆಯ ಕಥೆ. ಆದರೆ ಇಳಿಜಾರಿನ ಲೆಕ್ಕ ಅಲ್ಲಿಯೂ ಅದೇ. ಮಣ್ಣಿನಡಿಗೆ ಸಿಕ್ಕಿದವರು ರಸ್ತೆ ಬದಿಯಲ್ಲಿ ಚಹದ ಅಂಗಡಿ ಇಟ್ಟುಕೊಂಡಿದ್ದ ಸಂಸಾರದವರು, ಲಾರಿ ನಿಲ್ಲಿಸಿಕೊಂಡಿದ್ದ ಚಾಲಕರು. ಗುಡ್ಡವನ್ನು ಎಲ್ಲಿಯವರೆಗೆ ಕಡಿಯಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಲಾಭದ ಲೆಕ್ಕ ಒಬ್ಬರ ಪುಸ್ತಕದಲ್ಲಿ, ನಷ್ಟದ ಲೆಕ್ಕ ಇನ್ನೊಬ್ಬರ ಪುಸ್ತಕದಲ್ಲಿ ಬರೆಯುವುದು ಇಳಿಜಾರಿನಲ್ಲಿ ಎಷ್ಟು ಸುಲಭ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಒಂದು ಆಕ್ಷೇಪ ಧೈರ್ಯದ್ದು. "ಇಷ್ಟೆಲ್ಲ ಹೆದರಿದರೆ ಮನೆ ಕಟ್ಟಿದ ಹಾಗೆಯೇ! ನಮ್ಮ ಹಿರಿಯರು ಆದದ್ದಾಗಲಿ ಎಂದು ಕಟ್ಟಲಿಲ್ಲವೆ?" ಎನ್ನುತ್ತಾರೆ. ಬೆಟ್ಟದ ಮೇಲಿನ ಮನೆ ಎಂದೊಡನೆ ಕನ್ನಡಿಗರಿಗೆ ಅಕ್ಕಮಹಾದೇವಿಯ ನೆನಪೂ ಬರುತ್ತದೆ; ಅಂಜಿಕೆ ಸಲ್ಲದೆಂಬುದೇ ಅಲ್ಲಿಯ ತಾತ್ಪರ್ಯ. ಆದರೆ ಅಕ್ಕ ಅಂಜಬಾರದೆಂದದ್ದು ತನ್ನ ಮೇಲೆ ಬೀಳುವ ಸ್ತುತಿ ನಿಂದೆಗಳಿಗೆ. ಇನ್ನೊಬ್ಬರ ಮೇಲೆ ಬೀಳುವ ಗೋಡೆಗೆ ಅಂಜದಿರುವುದನ್ನು ಧೈರ್ಯ ಎನ್ನಲಾಗುವುದಿಲ್ಲ. ನಮ್ಮ ಹಿರಿಯರೂ ಆದದ್ದಾಗಲಿ ಎಂದು ಕಟ್ಟಿದವರಲ್ಲ. ಕೊಡಗಿನ ಐನ್‌ಮನೆಗಳನ್ನು ನೋಡಿ. ಗದ್ದೆಗಿಂತ ಎತ್ತರದಲ್ಲಿ, ಮೆಟ್ಟಿಲು ಹತ್ತಿ ಹೋಗಬೇಕಾದ ಜಗಲಿಯ ಮೇಲೆ ಇರುತ್ತವೆ. ಮನೆಗೆ ತಕ್ಕಂತೆ ಬೆಟ್ಟವನ್ನು ಕಡಿಯದೆ, ಬೆಟ್ಟದಲ್ಲಿ ಮನೆಗೆ ತಕ್ಕ ಜಾಗವನ್ನು ಅವರು ಹುಡುಕಿದರು. ಇವತ್ತಿಗೂ 10 ಅಡಿಯ ಒಂದು ಗೋಡೆಯ ಬದಲು, ನಡುವೆ ಸಾಕಷ್ಟು ಅಂತರ ಬಿಟ್ಟು 5 ಅಡಿಯ ಎರಡು ಗೋಡೆ ಕಟ್ಟಿ, ಮನೆಯನ್ನು ಎರಡು ಮೆಟ್ಟಿಲಾಗಿ ಇಳಿಸಿದರೆ ಒಂದೊಂದು ಗೋಡೆಯ ಮೇಲಿನ ನೂಕು ಕಾಲುಭಾಗಕ್ಕೆ ಇಳಿಯುತ್ತದೆ. ಬೆಟ್ಟದ ಮಾತಿಗೆ ಸ್ವಲ್ಪ ತಲೆಬಾಗಿದರೆ ಬೆಟ್ಟವೂ ಅಷ್ಟು ಖರ್ಚು ಕೇಳುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಳಿಜಾರಿನಲ್ಲಿ ಎರಡು ಬಗೆಯ ಜನ ಮನೆ ಕಟ್ಟುತ್ತಾರೆ. ಕಿಟಕಿ ತೆರೆದರೆ ಮಂಜು ಕಾಣಲಿ ಎಂದು ಬಂದವರು ಒಂದು ಬಗೆ. ಸಪಾಟು ನೆಲದ ಬೆಲೆ ಕೊಡಲಾರದೆ ಬಂದವರು ಇನ್ನೊಂದು ಬಗೆ. ಕೂಲಿ ಮಾಡಿ ಎರಡು ಕೋಣೆ ಎಬ್ಬಿಸುವವನಿಗೆ "ನೂರಕ್ಕೆ 20 ಎತ್ತಿಡು" ಎಂದು ಉಪದೇಶ ಮಾಡುವುದು ಕ್ರೌರ್ಯವಲ್ಲವೆ? ಹೌದು, ಕ್ರೌರ್ಯವೇ. ಆ ಉಪದೇಶ ಅವನಿಗಲ್ಲ. ಅವನ ಪಾಲಿನ ತಡೆಗೋಡೆ, ಅವನ ಓಣಿಯ ಚರಂಡಿ ಊರಿನ ಖರ್ಚಾಗಬೇಕು. ಪುರಸಭೆಯ ಆಯವ್ಯಯದಲ್ಲಿ ಅದಕ್ಕೊಂದು ಸಾಲು ಇರಬೇಕು. ಅವನಿಗೆ ಆ ಜಾಗ ಬಿಟ್ಟು ಬೇರೆ ಜಾಗ ಇಲ್ಲದ ಹಾಗೆ ಮಾಡಿದ್ದು ಊರೇ ತಾನೆ? ಉಪದೇಶ ನಮ್ಮಂಥ ಮಧ್ಯಮವರ್ಗದವರಿಗೆ. ನಮಗೆ ಆಯ್ಕೆ ಇದೆ. 1,500 ಚದರ ಅಡಿಯ ಮನೆಯನ್ನು ಎತ್ತಿಟ್ಟ ಹಣವಿಲ್ಲದೆ ಕಟ್ಟುವುದೋ, 1,200 ಚದರ ಅಡಿಯ ಮನೆಯನ್ನು ಎತ್ತಿಟ್ಟ ಹಣದೊಡನೆ ಕಟ್ಟುವುದೋ ಎಂಬುದು ಆ ಆಯ್ಕೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಇಳಿಜಾರಿನಲ್ಲಿ ಆ ಗಾದೆಗೆ ಇನ್ನೊಂದು ಅರ್ಥವಿದೆ: ಹೆಚ್ಚು ಚಾಚಿದ ಕಾಲು ಕೆಳಗೆ ಮಲಗಿದವನ ತಲೆಗೆ ತಗಲುತ್ತದೆ.

ಹಣ ಎತ್ತಿಟ್ಟರೆ ಮುಗಿಯಲಿಲ್ಲ. ಅದನ್ನು ಕಾಯುವುದು ಎತ್ತಿಡುವುದಕ್ಕಿಂತ ಕಷ್ಟ. ಮನೆ ಮೇಲೇಳುತ್ತಿದ್ದಂತೆ ಆ ಗಂಟಿನ ಮೇಲೆ ಎಲ್ಲರಿಗೂ ಕಣ್ಣು. ಅಡಿಗೆಮನೆಗೆ ಗ್ರಾನೈಟು ಹಾಕಿಸಬಹುದಲ್ಲ ಎಂದು ಒಬ್ಬರು, ಮುಂದಿನ ಕಂಬಕ್ಕೆ ಕೆತ್ತನೆ ಮಾಡಿಸಬಹುದಲ್ಲ ಎಂದು ಇನ್ನೊಬ್ಬರು. ಇದಕ್ಕೆ ಕಾರಣವೂ ಇದೆ. ಗೃಹಪ್ರವೇಶಕ್ಕೆ ಬಂದ ನೆಂಟರು ನೆಲವನ್ನು ಹೊಗಳುತ್ತಾರೆ, ಬಾಗಿಲನ್ನು ಮುಟ್ಟಿ ನೋಡುತ್ತಾರೆ. ಹಿಂದಕ್ಕೆ ಹೋಗಿ "ಚರಂಡಿ ಬಹಳ ಚೆನ್ನಾಗಿದೆ" ಎಂದ ಅತಿಥಿಯನ್ನು ನಾನಂತೂ ಕಂಡಿಲ್ಲ. ಗೃಹಸ್ಥನ ದೌರ್ಬಲ್ಯವನ್ನು ನಮ್ಮ ಸಂವಿಧಾನ ಮಾಡಿದವರೂ ಬಲ್ಲರು. 267ನೆಯ ವಿಧಿಯಲ್ಲಿ ಸಾದಿಲ್ವಾರು ನಿಧಿಗೆ ಅವಕಾಶ ಮಾಡಿದರು. ಮೊದಲೇ ಕಾಣದ ಖರ್ಚು ಬಂದಾಗ ಆ ನಿಧಿಯಿಂದ ಮುಂಗಡ ತೆಗೆಯಬಹುದು. ಆದರೆ ಆಮೇಲೆ ಪಾರ್ಲಿಮೆಂಟಿನ ಮುಂದೆ ಹೋಗಿ ಒಪ್ಪಿಗೆ ಪಡೆದು ನಿಧಿಯನ್ನು ಮತ್ತೆ ತುಂಬಬೇಕು. ಭಾರತದ ಆ ನಿಧಿ 2021ರಲ್ಲಿ 500 ಕೋಟಿಯಿಂದ 30,000 ಕೋಟಿ ರೂಪಾಯಿಗೆ ಏರಿತು. ದೊಡ್ಡ ಸಂಸಾರದ ಈ ಕ್ರಮ ಸಣ್ಣ ಸಂಸಾರಕ್ಕೂ ಒಳ್ಳೆಯದು. ಎತ್ತಿಟ್ಟ ಹಣವನ್ನು ಮುಟ್ಟುವ ಮುಂಚೆ ಯಜಮಾನ ತನ್ನ ಮನೆಯ ಪಾರ್ಲಿಮೆಂಟಿನ ಮುಂದೆ, ಅಂದರೆ ಹೆಂಡತಿಯ ಮುಂದೆ, ಕಾರಣ ಹೇಳಲಿ. "ನೆಂಟರು ನೋಡಲಿ ಎಂದು" ಎಂಬ ಕಾರಣ ಅಲ್ಲಿ ಬಹಳ ಹೊತ್ತು ನಿಲ್ಲಲಾರದು.

ಮತ್ತೊಂದು ಮಾತು. ಮನೆ ಮುಗಿದ ದಿನ ಈ ಲೆಕ್ಕ ಮುಗಿಯುವುದಿಲ್ಲ. ಮಲೆನಾಡಿನ ಅಡಿಕೆ ತೋಟದವರನ್ನು ನೋಡಿ. ಮಳೆಗಾಲಕ್ಕೆ ಮುಂಚೆ ಬಸಿಗಾಲುವೆಗಳ ಹೂಳು ತೆಗೆಸುತ್ತಾರೆ. ಕಳೆದ ವರ್ಷ ಏನೂ ಆಗಲಿಲ್ಲವಲ್ಲ, ಈ ವರ್ಷ ಬೇಡ ಎಂದು ಬುದ್ಧಿಯುಳ್ಳ ಯಾವ ತೋಟದವನೂ ಹೇಳುವುದಿಲ್ಲ. ಏನೂ ಆಗದೆ ಇದ್ದದ್ದು ಹೂಳು ತೆಗೆಸಿದ್ದರಿಂದ ಎಂದು ಅವನು ಬಲ್ಲ. ಅವನ ಪುಸ್ತಕದಲ್ಲಿ ಮಳೆ ಅನಿರೀಕ್ಷಿತ ಎಂಬ ಕಡೆಯಲ್ಲಿ ಇಲ್ಲ. ಬೀಜ ಗೊಬ್ಬರಗಳ ಪಕ್ಕದಲ್ಲಿ ಇದೆ. ತಡೆಗೋಡೆಯ ತೂತುಗಳಿಗೆ ಮಣ್ಣು ಮೆತ್ತಿಕೊಂಡಿದೆಯೇ, ಚರಂಡಿಯಲ್ಲಿ ಎಲೆ ಕಸ ನಿಂತಿದೆಯೇ ಎಂದು ಮೇ ತಿಂಗಳಲ್ಲಿ ಒಮ್ಮೆ ಸುತ್ತು ಹಾಕಿ ನೋಡುವ ಗೃಹಸ್ಥ ಆ ತೋಟದವನ ಜಾಣತನವನ್ನು ಕಲಿತಂತೆ.

ಹೀಗೆ ಎತ್ತಿಟ್ಟು, ಕಾದು, ಖರ್ಚುಮಾಡಿದ ಹಣದಿಂದ ಕಣ್ಣಿಗೆ ಕಾಣುವ ಫಲವೇನೂ ಇಲ್ಲ ಎಂಬುದೇ ಇದರ ಕಷ್ಟ. ಗ್ರಾನೈಟಿಗೆ ಹಾಕಿದ ದುಡ್ಡು ಹೊಳೆಯುತ್ತದೆ. ಜಲ್ಲಿಗೆ ಹಾಕಿದ ದುಡ್ಡು ಮಣ್ಣಿನೊಳಗೆ ಇರುತ್ತದೆ. ಅದರ ಫಲ ಒಂದು ಘಟನೆ ನಡೆಯದೆ ಇರುವುದು. ನಡೆಯದೆ ಇದ್ದದ್ದಕ್ಕೆ ಯಾರೂ ಯಾರಿಗೂ ಕೃತಜ್ಞತೆ ಹೇಳುವುದಿಲ್ಲ. ಆದರೆ ಆಷಾಢದ ಒಂದು ರಾತ್ರಿ ಮಳೆ ಎಡೆಬಿಡದೆ ಸುರಿಯುತ್ತಿರುವಾಗ, ಕೆಳಗಿನ ಮನೆಯವರು ದೀಪ ಆರಿಸಿ ಎಂದಿನ ಹೊತ್ತಿಗೆ ಮಲಗಿದರೆ, ಮೇಲಿನ ಮನೆಯ ಲೆಕ್ಕ ಸರಿಯಾಗಿದೆ ಎಂದು ತಿಳಿಯಬಹುದು.